ಮ್ಯಾಶ್, ಡಬ್ಬಿ ನಗು ಮತ್ತು ನನ್ನಕ್ಕ

ಬ್ಲಾಗ್ ಕಡೆ ತಲೆ ಹಾಕದೆ ಹತ್ತಿರ ಹತ್ತಿರ ಎರಡು ತಿಂಗಳಾಯ್ತು. ಆಫೀಸಲ್ಲಿ ರಿಲೀಸ್ ಇತ್ತು ಅನ್ನೋ ಹಳೇ ನೆಪ ಇದ್ದೇ ಇದೆ, ಅದನ್ನೇ ಮತ್ತೆ ಹೇಳಿ ನಿಮಗೆ ಬೇಜಾರು ಮಾಡಲ್ಲ :) ನಿಜವಾದ ಕಾರಣ ಒಂದು ರಟ್ಟಿನ ಪೆಟ್ಟಿಗೆ. ಅಮೆರಿಕದಲ್ಲಿ ಹತ್ತು ವರ್ಷ ಇದ್ದು ವಾಪಸ್ ಬಂದ ಸಹೋದ್ಯೋಗಿಯೊಬ್ಬರು ಬಾಡಿಗೆ ಮನೆ ಬದಲಾಯಿಸುವಾಗ, "ಬೇಕಾದ್ರೆ ಇಟ್ಕೋ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂತ ಕೊಟ್ಟ ಡಿವಿಡಿಗಳು. ಅದರೊಳಗಿದ್ದದ್ದು 'ಮ್ಯಾಶ್' ಅನ್ನೋ ಹಳೇ ಅಮೆರಿಕನ್ ಧಾರಾವಾಹಿ, ಪೂರ್ತಿ ಹನ್ನೊಂದು ಸೀಸನ್ನು. ಅಂದಿನಿಂದ ರಾತ್ರಿ ಹತ್ತಾದರೆ ಸಾಕು, ನಾನು, ಲ್ಯಾಪ್‌ಟಾಪು, ಒಂದು ತಟ್ಟೆ ಚುರುಮುರಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಶ್ ಅಂದ್ರೆ ಮೊಬೈಲ್ ಆರ್ಮಿ ಸರ್ಜಿಕಲ್ ಹಾಸ್ಪಿಟಲ್. ಯುದ್ಧ ನಡೆಯುವ ಜಾಗಕ್ಕೆ ಹತ್ತಿರದಲ್ಲೇ ಡೇರೆ ಹಾಕಿಕೊಂಡು, ಹೆಲಿಕಾಪ್ಟರಿನಲ್ಲಿ ಬಂದ ಗಾಯಾಳುಗಳಿಗೆ ಅಲ್ಲೇ ಆಪರೇಷನ್ ಮಾಡುವ ಸೇನಾ ಆಸ್ಪತ್ರೆ. ಕಥೆ ನಡೆಯೋದು 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ. ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾಗಿದ್ದು 1972ರ ಸೆಪ್ಟೆಂಬರಿನಿಂದ 1983ರ ಫೆಬ್ರವರಿವರೆಗೆ. ಮೂರು ವರ್ಷದ ಯುದ್ಧವನ್ನು ಹನ್ನೊಂದು ವರ್ಷ ಎಳೆದರು ಅಂತ ನಗಬೇಡಿ, ನಮ್ಮ ಮೆಗಾ ಸೀರಿಯಲ್ಲುಗಳಲ್ಲಿ ಒಂದು ಮದುವೆ ಮುಗಿಯೋಕೆ ಎಷ್ಟು ತಿಂಗಳು ಬೇಕು ಅಂತ ನಿಮಗೇ ಗೊತ್ತು.

ಇದರ ತೆರೆಮರೆಯ ಕಥೆಗಳು ಬೇಕಾದಷ್ಟಿವೆ. ಕೆಲವು ತುಂಬಾ ಮಜವಾಗಿವೆ. ಇದಕ್ಕೆ ಮೊದಲು 1970ರಲ್ಲಿ ಬಂದ ಸಿನಿಮಾವನ್ನು ನಿರ್ದೇಶಿಸಿದವರು ರಾಬರ್ಟ್ ಆಲ್ಟ್‌ಮನ್. ಅದರ ಶೀರ್ಷಿಕೆ ಗೀತೆ ಬರೆದದ್ದು ಅವರ ಮಗ, ಆಗಿನ್ನೂ ಹೈಸ್ಕೂಲು ಹುಡುಗ. ಸಿನಿಮಾ ಮಾಡಿದ್ದಕ್ಕೆ ತನಗೆ ಸಿಕ್ಕಿದ್ದು ಎಪ್ಪತ್ತು ಸಾವಿರ ಡಾಲರ್ ಚಿಲ್ಲರೆ, ಹಾಡು ಬರೆದ ಮಗನಿಗೆ ರಾಯಲ್ಟಿ ಬಂದದ್ದು ಹತ್ತು ಲಕ್ಷಕ್ಕೂ ಹೆಚ್ಚು ಅಂತ ಅಪ್ಪನೇ ಟೀವಿಯಲ್ಲಿ ಹೇಳಿಕೊಂಡಿದ್ದರು. ಧಾರಾವಾಹಿಯಲ್ಲಿ ಆ ಹಾಡಿನ ಸಾಹಿತ್ಯವೇ ಇಲ್ಲ, ಬರೀ ಸಂಗೀತ! ಇನ್ನೊಂದು ಕಥೆ ಚಳಿಗಾಲದ್ದು. ಕೊರಿಯಾ ಅಂತ ತೋರಿಸಿದ ಗುಡ್ಡಗಳೆಲ್ಲ ಕ್ಯಾಲಿಫೋರ್ನಿಯಾದ ಮಾಲಿಬು ಹತ್ತಿರದವು, ಬೇಸಿಗೆಯಲ್ಲಿ ಕಾದ ಕಾವಲಿ. ಒಮ್ಮೆ ನಟರು ಸ್ಕ್ರಿಪ್ಟಿನ ಬಗ್ಗೆ ಸಣ್ಣಪುಟ್ಟ ತಕರಾರು ತೆಗೆದು ತಲೆ ತಿಂದಾಗ ಬರಹಗಾರರಾದ ಕೆನ್ ಲೆವೀನ್ ಮತ್ತು ಡೇವಿಡ್ ಐಸಾಕ್ಸ್ ಏನೂ ಮಾತಾಡಲಿಲ್ಲವಂತೆ. ಸುಮ್ಮನೆ ಆ ಕಂತನ್ನು ಕೊರೆಯುವ ಚಳಿಗೆ ಬದಲಾಯಿಸಿಬಿಟ್ಟರು. ಅಷ್ಟೂ ಜನ ಆ ಬಿಸಿಲಲ್ಲಿ ದಪ್ಪ ಪಾರ್ಕಾ ಕೋಟು ಹಾಕಿಕೊಂಡು, ಬೆಂಕಿ ಹಚ್ಚಿದ ಡ್ರಮ್ಮಿನ ಸುತ್ತ ನಿಂತು ನಡುಗಬೇಕಾಯ್ತು. ಆಮೇಲೆ ಅಂಥ ತಕರಾರು ಬರಲಿಲ್ಲ. ನಮ್ಮ ಟೆಸ್ಟಿಂಗ್ ಟೀಮಿನ ಮೇಲೆ ಹೀಗೇನಾದರೂ ಪ್ರಯೋಗಿಸಬಹುದಾ ಅಂತ ಯೋಚಿಸ್ತಿದ್ದೀನಿ.

ಇಂಥವನ್ನೇ ಬರೆಯುತ್ತಾ ಹೋದರೆ ಪುಟ ತುಂಬುತ್ತೆ. ಆದರೆ ನನಗೆ ಹೇಳಬೇಕಾಗಿರುವುದು ಒಂದೇ ವಿಷಯ, ಈ ಧಾರಾವಾಹಿಯಲ್ಲಿ ಕೇಳಿಸುವ ನಗುವಿನದ್ದು.

ಮೊದಲ ಏಳೆಂಟು ಕಂತು ನೋಡುವಾಗ ಏನೋ ಕಿರಿಕಿರಿ. ಹೀರೋ ಹಾಕೈ ಪಿಯರ್ಸ್ ಒಬ್ಬ ಸರ್ಜನ್. ಆ ಪಾತ್ರ ಮಾಡಿರುವುದು ಆಲನ್ ಆಲ್ಡಾ. ಅವನು ಬಾಯಿ ತೆಗೆದರೆ ಒಂದು ಚಟಾಕಿ, ತಕ್ಷಣ ಹಿಂದಿನಿಂದ "ಹ್ಹ ಹ್ಹ ಹ್ಹ" ಅಂತ ಜನಸ್ತೋಮದ ನಗು. ಅವನು ಮತ್ತೊಂದು ಹೇಳ್ತಾನೆ, ಮತ್ತೆ ನಗು. ಒಂದು ದಿನ ಡಿವಿಡಿ ಮೆನುವಿನಲ್ಲಿ ಏನೋ ಒತ್ತಲು ಹೋಗಿ ಆಡಿಯೋ ಆಯ್ಕೆಗೆ ಹೋದೆ. ನೋಡಿದರೆ ಅಲ್ಲಿ ಎರಡು ಬಗೆ: ನಗು ಇರುವ ಧ್ವನಿ, ನಗು ಇಲ್ಲದ ಧ್ವನಿ. ಇಪ್ಪತ್ತೆಂಟು ವರ್ಷದ ಬದುಕಿನಲ್ಲಿ ಎಷ್ಟೋ ಸಾಫ್ಟ್‌ವೇರುಗಳ ಸೆಟ್ಟಿಂಗ್ಸ್ ನೋಡಿದ್ದೇನೆ, ಬರೆದೂ ಇದ್ದೇನೆ. ನಗು ಬೇಕೋ ಬೇಡವೋ ಅಂತ ಕೇಳಿದ್ದು ಇದೊಂದೇ.

ನಗು ತೆಗೆದೆ. ಅದೇ ಕಂತು ಮತ್ತೆ ಹಾಕಿದೆ. ಬೇರೆಯದೇ ಧಾರಾವಾಹಿ ಸ್ವಾಮಿ!

ಹಾಕೈ ಮತ್ತು ಅವನ ಗೆಳೆಯರು ಇರುವ ಡೇರೆಗೆ 'ಸ್ವಾಂಪ್' ಅಂತ ಹೆಸರು. ಅಲ್ಲೇ ಒಂದು ಭಟ್ಟಿ ಇಟ್ಟುಕೊಂಡು ಜಿನ್ ಇಳಿಸುತ್ತಾರೆ. ನಗು ಇದ್ದಾಗ ಅದು ಹಾಸ್ಟೆಲ್ ರೂಮು. ತುಂಟ ಹುಡುಗರು, ಕುಡಿತ, ಮೇಲಧಿಕಾರಿಯ ಮೇಲೆ ಕೀಟಲೆ. ನಗು ತೆಗೆದರೆ, ಹತ್ತಾರು ಗಂಟೆ ನಿಂತು ಹುಡುಗರ ಹೊಟ್ಟೆ ಹೊಲಿದು ಬಂದ ಮನುಷ್ಯ, ನಿದ್ದೆ ಬಾರದೆ ಬೆಳಗಿನ ಜಾವ ಕುಡೀತಾ ಕೂತಿದ್ದಾನೆ. ಚಟಾಕಿ ಹಾರಿಸ್ತಾನೆ, ಯಾರೂ ನಗಲ್ಲ, ಒಂದು ಕ್ಷಣ ಮೌನ, ಇನ್ನೊಂದು ಚಟಾಕಿ ಹಾರಿಸ್ತಾನೆ. ಆ ಮೌನ ನನಗೆ ಹೆದರಿಕೆ ಹುಟ್ಟಿಸಿತು. ಸಂಭಾಷಣೆಯಲ್ಲಿ ಒಂದಕ್ಷರ ಬದಲಾಗಿಲ್ಲ, ಮನುಷ್ಯ ಬದಲಾಗಿದ್ದಾನೆ.

ಹಾಗಾದರೆ ಆ ನಗುತ್ತಿದ್ದವರು ಯಾರು? ಆ ಕಾಲದಲ್ಲೇ ಬಂದ 'ಆಲ್ ಇನ್ ದಿ ಫ್ಯಾಮಿಲಿ'ಯಂಥ ಹಾಸ್ಯ ಧಾರಾವಾಹಿಗಳನ್ನು ನಿಜವಾದ ಪ್ರೇಕ್ಷಕರ ಎದುರು ನಾಟಕದ ಹಾಗೆ ಆಡಿ ರೆಕಾರ್ಡ್ ಮಾಡುತ್ತಿದ್ದರು. ಅಲ್ಲಿನ ನಗುವಿಗೆ ಒಂದು ಮೈ ಇತ್ತು. ಮ್ಯಾಶ್ ಹಾಗಲ್ಲ. ಸಿನಿಮಾ ಥರ ಒಂದು ಕ್ಯಾಮೆರಾ ಇಟ್ಟು, ಫಾಕ್ಸ್ ಸ್ಟುಡಿಯೋದ ಒಳಗೂ ಮಾಲಿಬು ಗುಡ್ಡದಲ್ಲೂ ಚಿತ್ರೀಕರಿಸಿದ್ದು. ಅಲ್ಲಿ ಪ್ರೇಕ್ಷಕರೇ ಇರಲಿಲ್ಲ. ಆ ನಗು ಆಮೇಲೆ ಸೇರಿಸಿದ ಡಬ್ಬಿ ನಗು.

ಎಂಜಿನಿಯರ್ ಆದ ತಪ್ಪಿಗೆ ಈ ಡಬ್ಬಿಯ ಬಗ್ಗೆ ಸ್ವಲ್ಪ ಹೇಳದೆ ಬಿಡೋಕಾಗಲ್ಲ. ಇದನ್ನು ಕಟ್ಟಿದವರು ಚಾರ್ಲಿ ಡಗ್ಲಸ್. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ರೇಡಾರ್ ಕೆಲಸ ಮಾಡಿದ್ದ ಎಂಜಿನಿಯರ್, ಆಮೇಲೆ ಸಿಬಿಎಸ್‌ನಲ್ಲಿ ಧ್ವನಿ ತಂತ್ರಜ್ಞ. ಪ್ರೇಕ್ಷಕರು ನಗಬೇಕಾದಲ್ಲಿ ನಗಲ್ಲ, ಬೇಡದ ಕಡೆ ಜೋರಾಗಿ ನಗ್ತಾರೆ ಅನ್ನೋದು ಅವರಿಗೆ ಕಂಡ 'ಬಗ್' (ನಮ್ಮವರೇ ಬಿಡಿ!). 1950ರ ದಶಕದಲ್ಲಿ ಅದಕ್ಕೊಂದು ಯಂತ್ರ ಮಾಡಿದರು. ಒಳಗೆ ಟೇಪಿನ ಸುರುಳಿಗಳಲ್ಲಿ ಬಗೆಬಗೆಯ ನಗು, ಹೊರಗೆ ಟೈಪ್‌ರೈಟರಿನಂಥ ಕೀಲಿಗಳು. ಯಾವ ಥರದ ನಗು ಬೇಕು, ಗಂಡಸಿನದಾ ಹೆಂಗಸಿನದಾ, ಕಿಸಕ್ಕನೆಯದಾ ಹೊಟ್ಟೆ ಹಿಡಿದುಕೊಂಡದ್ದಾ, ಆ ಕೀಲಿ ಒತ್ತಬೇಕು. ಎಷ್ಟು ಹೊತ್ತು ಬೇಕು ಅನ್ನೋದಕ್ಕೆ ಕಾಲಲ್ಲಿ ಪೆಡಲು. ನಮ್ಮ ಹಾರ್ಮೋನಿಯಂ ಮೇಷ್ಟ್ರು ನುಡಿಸುವ ಹಾಗೆ ಕೂತು ನಗು ನುಡಿಸುತ್ತಿದ್ದರು ಅಂತಿಟ್ಟುಕೊಳ್ಳಿ. ಪೆಟ್ಟಿಗೆಗೆ ಬೀಗ ಬೇರೆ, ಒಳಗೇನಿದೆ ಅಂತ ಮನೆಯವರನ್ನು ಬಿಟ್ಟರೆ ಬೇರೆಯವರಿಗೆ ತೋರಿಸುತ್ತಿರಲಿಲ್ಲ. ವರ್ಷಗಟ್ಟಲೆ ಅಮೆರಿಕದ ಎಷ್ಟೋ ಕಾರ್ಯಕ್ರಮಗಳ ನಗು ಈ ಒಂದು ಮನೆತನದ ಪೆಟ್ಟಿಗೆಯಿಂದಲೇ ಬಂತು. 1992ರಲ್ಲಿ ಅವರಿಗೆ ತಾಂತ್ರಿಕ ಸಾಧನೆಗಾಗಿ ಎಮ್ಮಿ ಪ್ರಶಸ್ತಿಯೂ ಬಂತು. ಯಂತ್ರವಾಗಿ ನೋಡಿದರೆ ನನಗೆ ಅದರ ಮೇಲೆ ನಿಜವಾಗಿಯೂ ಗೌರವ ಇದೆ. ಅದನ್ನು ಆಸ್ಪತ್ರೆಯ ಡೇರೆಯೊಳಗೆ ತಂದಿಟ್ಟದ್ದಕ್ಕೆ ಮಾತ್ರ ನನ್ನ ತಕರಾರು.

ತಂದಿಟ್ಟದ್ದು ವಾಹಿನಿಯವರು. ಧಾರಾವಾಹಿಯನ್ನು ರೂಪಿಸಿದ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಇಬ್ಬರಿಗೂ ಇದು ಬೇಡವಾಗಿತ್ತು. ಆದರೆ 1972ರಲ್ಲಿ ಅರ್ಧ ಗಂಟೆಯ ಹಾಸ್ಯ ಅಂದರೆ ನಗು ಇರಲೇಬೇಕು, ಇಲ್ಲದಿದ್ದರೆ ಇದು ಹಾಸ್ಯ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಅನ್ನೋದು ಸಿಬಿಎಸ್‌ನವರ ಲೆಕ್ಕ. ಅವರ ಭಯವೂ ಅರ್ಥವಾಗುತ್ತೆ. ಕಥೆ ಕೊರಿಯಾದ್ದಾದರೂ ವಿಯೆಟ್ನಾಂ ಯುದ್ಧ ಆಗಿನ್ನೂ ಮುಗಿದಿರಲಿಲ್ಲ. ನೋಡುತ್ತಿದ್ದವರ ಮನೆ ಹುಡುಗರು ಅಲ್ಲಿದ್ದರು. ವಾಹಿನಿಯವರ ಕತ್ತರಿ ಎಷ್ಟು ಚುರುಕಾಗಿತ್ತು ಅಂದರೆ, 'ವರ್ಜಿನ್' ಅನ್ನೋ ಪದ ಬೇಡ ಅಂತ ಕತ್ತರಿಸಿದರಂತೆ. ಮುಂದಿನ ಕಂತಿನಲ್ಲಿ ಗೆಲ್ಬಾರ್ಟ್ ಒಬ್ಬ ಗಾಯಾಳುವಿನ ಊರು ವರ್ಜಿನ್ ಐಲೆಂಡ್ಸ್ ಅಂತ ಬರೆದರು :) ಇನ್ನೊಂದು ಕಥೆಯನ್ನಂತೂ ತೆಗೆಯಲೇ ಬಿಡಲಿಲ್ಲ. ಕಾಯಿಲೆ ಬಿದ್ದು ಮನೆಗೆ ಹೋಗುವ ಆಸೆಯಿಂದ ಸೈನಿಕರು ರಾತ್ರಿ ಬೇಕೆಂದೇ ಚಳಿಯಲ್ಲಿ ನಿಲ್ಲುವ ಕಥೆ ಅದು. ಅಂಥದ್ದು ನಿಜವಾಗಿ ನಡೆದಿತ್ತು ಅಂತ ಗೆಲ್ಬಾರ್ಟ್ ಹೇಳುತ್ತಿದ್ದರು.

ಕೊನೆಗೆ ಜಗಳ ಒಂದು ರಾಜಿಗೆ ಬಂತು: ಬೇರೆಲ್ಲಾ ಕಡೆ ನಗು ಇರಲಿ, ಆಪರೇಷನ್ ಥಿಯೇಟರಿನೊಳಗೆ ಬೇಡ. ಬಾಗಿಲು ದಾಟಿ ಒಳಗೆ ಹೋದರೆ ನಗು ಬಂದ್.

ಒಮ್ಮೆ ಗಮನ ಇಟ್ಟು ಕೇಳಿ. ಅದೇ ಹಾಕೈ, ಅದೇ ಚಟಾಕಿಗಳು, ಕೈಯಲ್ಲಿ ರಕ್ತ. ಹೊರಗೆ ಎರಡು ನಿಮಿಷದ ಹಿಂದೆ ಪ್ರತಿ ಮಾತಿಗೂ ನಕ್ಕ ಜನ ಒಳಗೆ ಒಬ್ಬರೂ ಇಲ್ಲ. ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. ನಗು ಪೂರ್ತಿ ತೆಗೆದು ನೋಡಿದಾಗ ಈ ಗಡಿ ಕಾಣಿಸಲ್ಲ. ನಗು ಇಟ್ಟು ನೋಡಿದಾಗ ಆ ಬಾಗಿಲಲ್ಲಿ ಅದು ಸತ್ತುಹೋಗುವುದು ಎಂಥ ಪರಿಣಾಮ ಮಾಡುತ್ತೆ ಅಂದರೆ, ಬೇಕೆಂದೇ ಹೀಗೆ ಮಾಡಿದ್ದಾರೇನೋ ಅನ್ನಿಸುತ್ತೆ. ಅರ್ಧ ಸೋತ ಜಗಳದಿಂದ ಹೀಗೂ ಒಳ್ಳೆಯದೊಂದು ಹುಟ್ಟಬಹುದು. ಹಾಗಂತ ವಾಹಿನಿಯವರಿಗೆ ಅದರ ಕೀರ್ತಿ ಕೊಡೋಕೆ ನಾನು ತಯಾರಿಲ್ಲ.

ಬರಬರುತ್ತಾ ಆ ಗಡಿ ಹಿಗ್ಗಿತು. 1974ರ 'ಓ.ಆರ್.' ಅನ್ನೋ ಕಂತು ಪೂರ್ತಿ ಆಪರೇಷನ್ ಥಿಯೇಟರಿನಲ್ಲೇ ನಡೆಯುತ್ತೆ, ಅಂದ ಮೇಲೆ ಒಂದೇ ಒಂದು ನಗು ಇಲ್ಲ. ಒಪ್ಪಂದದ ಕಾನೂನು ಪಾಯಿಂಟು ಹಿಡಿದು ವಾಹಿನಿಯವರನ್ನೇ ಬೇಸ್ತು ಬೀಳಿಸಿದ ಹಾಗೆ. 1976ರ 'ದಿ ಇಂಟರ್‌ವ್ಯೂ' ಕಪ್ಪು ಬಿಳುಪು. ಕೊರಿಯಾ ಯುದ್ಧವನ್ನು ನಿಜವಾಗಿ ವರದಿ ಮಾಡಿದ್ದ ಪತ್ರಕರ್ತ ಕ್ಲೀಟ್ ರಾಬರ್ಟ್ಸ್ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳ್ತಾರೆ, ನಟರು ಎಷ್ಟೋ ಉತ್ತರಗಳನ್ನು ಆಗಲೇ ಹೊಳೆದ ಹಾಗೆ ಕೊಟ್ಟಿದ್ದಾರೆ. ಅಲ್ಲೂ ನಗು ಇಲ್ಲ. ಉಳಿದ ಕಂತುಗಳಲ್ಲೂ ವರ್ಷ ಕಳೆದಂತೆ ನಗುವಿನ ದನಿ ತಗ್ಗಿತು. ಇಂಗ್ಲೆಂಡಿನ ಬಿಬಿಸಿಯವರು ಮಾತ್ರ ಮೊದಲಿನಿಂದಲೂ ನಗು ಇಲ್ಲದೇ ತೋರಿಸಿದರು. ಒಮ್ಮೆ ತಪ್ಪಿ ನಗು ಸಮೇತ ಪ್ರಸಾರವಾದಾಗ, ಇದೇನಿದು ಗಲಾಟೆ ಅಂತ ನೋಡುಗರೇ ದೂರು ಕೊಟ್ಟರಂತೆ. ಆ ಜನ ಅದೇ ಧಾರಾವಾಹಿಗೆ ಯಾರೂ ಹೇಳಿಕೊಡದೇ ನಕ್ಕಿದ್ದರಲ್ಲ. ಸಿಬಿಎಸ್‌ನವರ ಲೆಕ್ಕ ತಪ್ಪು ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

"ಹಳೇ ಸೀರಿಯಲ್ಲಿನ ನಗುವಿಗೆ ಇಷ್ಟೊಂದು ತಲೆ ಕೆಡಿಸ್ಕೋತೀಯಲ್ಲ" ಅಂತ ನನ್ನ ರೂಮ್‌ಮೇಟ್ ಬೈತಾನೆ. ಕೆಡಿಸ್ಕೊಳ್ಳೋಕೆ ಒಂದು ಕಾರಣ ಇದೆ.

ನನ್ನಕ್ಕ ಡಾಕ್ಟರು. 2021ರ ಮೇನಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪಿಜಿ ಮಾಡ್ತಿದ್ದಳು. ನಾನು ಊರಲ್ಲಿ ಕೂತು ವರ್ಕ್ ಫ್ರಂ ಹೋಮ್. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಫೋನ್ ಮಾಡೋಳು. ಮಾಡಿದರೆ ಬರೀ ಜೋಕು. ಪಿಪಿಇ ಕಿಟ್ ಹಾಕಿಕೊಂಡ ಮೇಲೆ ಯಾರು ಯಾರು ಅಂತ ಗೊತ್ತಾಗದೆ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೀತಿದ್ದರಂತೆ. ಇವಳ ಬೆನ್ನ ಮೇಲೆ ಯಾರೋ 'ಇಡ್ಲಿ ಕುಕ್ಕರ್' ಅಂತ ಬರೆದುಬಿಟ್ಟಿದ್ದರು, ಸಂಜೆವರೆಗೆ ಇಡೀ ವಾರ್ಡು ಅದನ್ನೇ ಕರೀತಂತೆ. ಒಂದು ರಾತ್ರಿ ಇಂಥದ್ದೇ ಏನೋ ಹೇಳಿ ಒಬ್ಬಳೇ ನಗ್ತಾ ಇದ್ದಳು. ಅವತ್ತು ನಮ್ಮ ಬೀದಿಯಲ್ಲೇ ಇಬ್ಬರು ತೀರಿಕೊಂಡಿದ್ದರು. ನಾನು ರೇಗಿಬಿಟ್ಟೆ. "ಅಲ್ಲಿ ಜನ ಸಾಯ್ತಿದ್ದಾರೆ, ನಿಂಗೆ ನಗು ಹೇಗೆ ಬರುತ್ತೆ?" ಅಂದೆ. ಅವಳು ಏನೂ ಅನ್ನಲಿಲ್ಲ. "ಸರಿ ಮಲ್ಕೋ" ಅಂತ ಇಟ್ಟಳು. ಆಮೇಲೆ ನಾಲ್ಕು ದಿನ ಫೋನ್ ಬರಲಿಲ್ಲ. ಬಂದಾಗ ಜೋಕು ಇರಲಿಲ್ಲ, ಅಮ್ಮನ ಬಿಪಿ ಮಾತ್ರೆ ಬಗ್ಗೆ ಎರಡು ಮಾತು, ಅಷ್ಟೇ. ಆ ಅಲೆ ಮುಗಿಯೋವರೆಗೂ ಹಾಗೇ ಇದ್ದಳು.

ನಾನು ಅವತ್ತು ಕೇಳಿಸಿಕೊಂಡದ್ದು ನಗು ಇರುವ ಧ್ವನಿ. ಅವಳ ಮಾತಿನ ಹಿಂದೆ ಡಬ್ಬಿ ನಗುವನ್ನು ನಾನೇ ಸೇರಿಸಿಕೊಂಡಿದ್ದೆ. ಅದನ್ನು ತೆಗೆದು ಕೇಳಿದ್ದರೆ ಇನ್ನೇನೋ ಕೇಳಿಸುತ್ತಿತ್ತು. ಇದು ಹೊಳೆಯೋಕೆ ನನಗೆ ಇಷ್ಟು ವರ್ಷ ಮತ್ತು ಯಾರದ್ದೋ ಡಿವಿಡಿ ಬೇಕಾಯ್ತು.

ಈ ಧಾರಾವಾಹಿ ಮಾಡಿದವರಿಗೆ ಅದು ಗೊತ್ತಿತ್ತು ಅನ್ನಿಸುತ್ತೆ. ಮೂಲ ಕಾದಂಬರಿ ಬರೆದ ರಿಚರ್ಡ್ ಹೂಕರ್ ಅನ್ನೋ ಹೆಸರಿನ ಹಿಂದಿದ್ದದ್ದು ಕೊರಿಯಾದಲ್ಲಿ ಕತ್ತರಿ ಹಿಡಿದ ನಿಜವಾದ ಸರ್ಜನ್ (ಆತನಿಗೆ ಟೀವಿಯ ಹಾಕೈ ಇಷ್ಟವಾಗಲಿಲ್ಲ ಅನ್ನೋದು ಬೇರೆ ಮಾತು). ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಖುದ್ದು ಕೊರಿಯಾಕ್ಕೆ ಹೋಗಿ ಸೇನಾ ಆಸ್ಪತ್ರೆ ನೋಡಿ ಬಂದರು. ಅಲ್ಲಿ ಕೆಲಸ ಮಾಡಿದ್ದ ಡಾಕ್ಟರು, ನರ್ಸುಗಳನ್ನು ಹುಡುಕಿ ಮಾತಾಡಿಸಿ ಟೇಪ್ ಮಾಡಿಕೊಂಡರು. ಕ್ಲಿಂಗರ್ ಪಾತ್ರದ ಜೇಮೀ ಫಾರ್ ಸೇನೆಯಲ್ಲಿದ್ದವರು, ಧಾರಾವಾಹಿಯಲ್ಲಿ ಕೊರಳಿಗೆ ಹಾಕಿಕೊಂಡದ್ದು ತಮ್ಮದೇ ಸೇನಾ ಬಿಲ್ಲೆ. ಆಲ್ಡಾಗೆ ಉಡುಪು ವಿಭಾಗದವರು ಕೊಟ್ಟದ್ದು ಇಬ್ಬರು ನಿಜ ಸೈನಿಕರ ಹೆಸರಿದ್ದ ಬಿಲ್ಲೆಗಳು. ಹನ್ನೊಂದು ವರ್ಷ ಅವನ್ನೇ ಹಾಕಿಕೊಂಡಿದ್ದು, 2023ರಲ್ಲಿ ಬೂಟಿನ ಜೊತೆ ಹರಾಜಿಗೆ ಕೊಟ್ಟರು. ಬಂದ ಒಂದೂಕಾಲು ಲಕ್ಷ ಡಾಲರನ್ನು ವಿಜ್ಞಾನಿಗಳಿಗೆ ಸರಳವಾಗಿ ಮಾತಾಡೋದು ಕಲಿಸುವ ತಮ್ಮ ಕೇಂದ್ರಕ್ಕೆ ಕೊಟ್ಟರು.

ಹುಳುಕು ಇಲ್ಲ ಅಂತಲ್ಲ. ಕೊರಿಯಾದ ಕಥೆಯಲ್ಲಿ ಕೊರಿಯನ್ನರೇ ಹಿನ್ನೆಲೆಗೆ ಸರಿದಿದ್ದಾರೆ. ಕೊನೆಯಲ್ಲಿ ಕ್ಲಿಂಗರ್ ಮದುವೆಯಾಗುವ ಕೊರಿಯನ್ ಹುಡುಗಿಯ ಪಾತ್ರ ಮಾಡಿದ್ದೂ ಚೀನೀ ಮೂಲದ ಅಮೆರಿಕನ್ ನಟಿ. ಆ ಯುದ್ಧದಲ್ಲಿ ನಮ್ಮವರೂ ಇದ್ದರು ಅಂತ ನಮಗೇ ಎಷ್ಟು ಜನಕ್ಕೆ ನೆನಪಿದೆ ಹೇಳಿ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತೀಯ ಸೇನೆಯ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ಕೊನೆಯಿಂದ 1954ರವರೆಗೆ ಅಲ್ಲಿತ್ತು, ಕೋವಿ ಹಿಡಿಯೋಕಲ್ಲ, ಗಾಯ ಹೊಲಿಯೋಕೆ. ಪ್ಯಾಂಗ್ಯಾಂಗ್‌ನಿಂದ ಹಿಂದೆ ಸರಿಯುವಾಗ ಆಸ್ಪತ್ರೆಯ ಸಾಮಾನು ಬಿಟ್ಟುಬರೋಕೆ ಒಪ್ಪದೆ, ಅಲ್ಲಿದ್ದ ಉಗಿಬಂಡಿಯೊಂದನ್ನು ತಾವೇ ಓಡಿಸಿಕೊಂಡು ಬಂದವರು ಇವರು. ಯುದ್ಧ ನಿಂತ ಮೇಲೆ ಕೈದಿಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಇದನ್ನೆಲ್ಲ ಇಟ್ಟುಕೊಂಡು ಯಾರಾದರೂ ಕನ್ನಡದಲ್ಲಿ ಹತ್ತು ಕಂತು ಮಾಡಿದರೆ ನಾನಂತೂ ರಜೆ ಹಾಕಿ ನೋಡ್ತೀನಿ. ಹಿಂದೆ ನಗು ಮಾತ್ರ ಸೇರಿಸಬೇಡಿ, ದಮ್ಮಯ್ಯ.

ವಿಷಯಕ್ಕೆ ವಾಪಸ್. ಹೋದ ವಾರಾಂತ್ಯ ಅಕ್ಕ ಬಂದಿದ್ದಳು. ಈಗ ಪೂರ್ತಿ ಸರ್ಜನ್, ಊಟಕ್ಕೆ ಕೂತರೂ ಫೋನು ಕಿವಿಯಲ್ಲೇ. ಏನೂ ಹೇಳದೆ ಮೂರನೇ ಸೀಸನ್ನಿನ ಡಿಸ್ಕ್ ಹಾಕಿದೆ, ನಗು ಇರುವ ಧ್ವನಿಯಲ್ಲೇ. ಹತ್ತು ನಿಮಿಷ ನೋಡಿದಳು. "ಆ ನಗೋರನ್ನ ಆಫ್ ಮಾಡೋಕೆ ಆಗಲ್ವೇನೋ? ಯಾರೋ ಹಿಂದೆ ಕೂತು ಇವರನ್ನ ನೋಡ್ತಿದ್ದಂಗಿದೆ" ಅಂದಳು. ನಾನು ಪ್ರಯೋಗ ಮಾಡ್ತಿದ್ದೆ ಅಂತ ಗೊತ್ತಾಗಿದ್ದರೆ ತಲೆಗೆ ಮೊಟಕುತ್ತಿದ್ದಳು. ಆಫ್ ಮಾಡಿದೆ. 'ಓ.ಆರ್.' ಕಂತು ಬಂದಾಗ ಮಾತೇ ಆಡಲಿಲ್ಲ. ಒಂದು ಕಡೆ ಹಾಕೈ ಏನೋ ಅಂದದ್ದಕ್ಕೆ ಜೋರಾಗಿ ನಕ್ಕಳು, ನನಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. "ಯಾಕೆ?" ಅಂದೆ. "ನಿಂಗೆ ಗೊತ್ತಾಗಲ್ಲ ಬಿಡು" ಅಂದಳು.

ಆಗ ಕೇಳಿದೆ, 2021ರ ಆ ಫೋನಿನ ಬಗ್ಗೆ. ಅವಳು ಮರೆತಿರಬಹುದು ಅಂದುಕೊಂಡಿದ್ದೆ. ಮರೆತಿರಲಿಲ್ಲ. "ಅವತ್ತು ಇಡ್ಲಿ ಕುಕ್ಕರ್ ಅಂತ ಬರೆದೋನಿಗೂ ಅದೇ ವಾರ ಪಾಸಿಟಿವ್ ಬಂತು, ಅದನ್ನ ಹೇಳೋಕೆ ಫೋನ್ ಮಾಡಿದ್ದೆ" ಅಂದಳು. "ಏನಾಯ್ತು ಅವರಿಗೆ?" ಅಂದೆ. "ಬದುಕಿದಾನೆ ಕಣೋ, ಮಗು ಆಗಿದೆ ಈಗ" ಅಂತ ಚಕ್ಕುಲಿ ಮುರಿದು ಬಾಯಿಗೆ ಹಾಕ್ಕೊಂಡಳು. ನಾನು ಸಾರಿ ಅಂದೆ. ಅವಳು ಮುಂದಿನ ಕಂತು ಹಾಕು ಅಂದಳು.

ಈಗ ಅವಳೇ ಡಿಸ್ಕ್ ತಗೊಂಡು ಹೋಗಿದ್ದಾಳೆ. ಮೂರನೇ ಸೀಸನ್ನಿನ ಕೊನೇ ಕಂತಿನ ಹೆಸರು 'ಅಬಿಸಿನಿಯಾ, ಹೆನ್ರಿ', ಪ್ರಸಾರವಾದದ್ದು 1975ರ ಮಾರ್ಚ್ 18ರಂದು. (ನೋಡುವ ಆಸೆ ಇದ್ದವರು ಇಲ್ಲಿಗೆ ನಿಲ್ಲಿಸಿ!) ಎಲ್ಲರ ಪ್ರೀತಿಯ ಕರ್ನಲ್ ಹೆನ್ರಿ ಬ್ಲೇಕ್‌ಗೆ ಮನೆಗೆ ಹೋಗುವ ಭಾಗ್ಯ ಬಂದಿದೆ. ಆ ಪಾತ್ರ ಮಾಡಿದ ಮೆಕ್ಲೀನ್ ಸ್ಟೀವನ್ಸನ್ ಧಾರಾವಾಹಿ ಬಿಡುತ್ತಿದ್ದರು. ತಮಾಷೆ, ಬೀಳ್ಕೊಡುಗೆ, ಅಪ್ಪುಗೆ, ಹೆಲಿಕಾಪ್ಟರು, ಎಲ್ಲಾ ಮುಗಿಯಿತು ಅಂತ ನಟರು ಅಂದುಕೊಂಡಿದ್ದಾಗ ಗೆಲ್ಬಾರ್ಟ್ ಬಚ್ಚಿಟ್ಟಿದ್ದ ಕೊನೇ ಪುಟವನ್ನು ಹೊರತೆಗೆದು ಕೊಟ್ಟರು. ಆಲ್ಡಾ ಬಿಟ್ಟರೆ ಉಳಿದ ನಟರಿಗೆ ಅಲ್ಲಿವರೆಗೆ ಅದು ಗೊತ್ತಿರಲಿಲ್ಲ. ಆಪರೇಷನ್ ಥಿಯೇಟರಿಗೆ ರೇಡಾರ್ ಬರುತ್ತಾನೆ, ಹೆನ್ರಿಯ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ ಅಂತ ಓದುತ್ತಾನೆ. ಮೊದಲ ಟೇಕ್ ತಾಂತ್ರಿಕ ಕಾರಣಕ್ಕೆ ಕೆಟ್ಟಿತು. ಎರಡನೆಯದರಲ್ಲಿ, ಆ ಮೌನದ ನಡುವೆ, ಕ್ಯಾಮೆರಾದ ಆಚೆ ಯಾರದೋ ಕೈಯಿಂದ ಒಂದು ಉಪಕರಣ ಠಣ್ ಅಂತ ಬಿತ್ತು. ಹಾಗೇ ಉಳಿಸಿಕೊಂಡರು. ಅಲ್ಲಿ ನಗು ಸೇರಿಸುವ ಹಾಗಿರಲಿಲ್ಲ, ಜಾಗ ಆಪರೇಷನ್ ಥಿಯೇಟರು, ಒಪ್ಪಂದ ಒಪ್ಪಂದವೇ. ಹಾಸ್ಯ ಅಂತ ನೋಡೋಕೆ ಕೂತ ಎಷ್ಟೋ ಜನ ಸಿಟ್ಟಾಗಿ ಕಾಗದ ಬರೆದರು.

ಅಕ್ಕ ಇನ್ನೂ ಅಲ್ಲಿಗೆ ಬಂದಿಲ್ಲ. ನಿನ್ನೆ ಫೋನ್ ಮಾಡಿ "ಆ ಹೆನ್ರಿ ಥೇಟ್ ನಮ್ಮ ಎಚ್‌ಓಡಿ ಕಣೋ, ಪಾಪದ ಮನುಷ್ಯ, ಇವನೇ ಇಷ್ಟ ನಂಗೆ" ಅಂದಳು. ನಾನು ಹ್ಞೂಂ ಅಂದೆ. ಕೊನೇ ಪುಟದ ವಿಷಯ ಹೇಳಲಿಲ್ಲ. ಈ ಬ್ಲಾಗನ್ನು ಅವಳು ಓದಲ್ಲ ಅನ್ನೋ ಧೈರ್ಯದ ಮೇಲೆ ನಿಮಗೆ ಹೇಳಿದ್ದೀನಿ, ಯಾರೂ ಬಾಯಿ ಬಿಡಬೇಡಿ :)